ಹನ್ನೊಂದು ನಿಮಿಷದ ಹೊಸ ಗಣಕಯಂತ್ರ

ವಾಸಸ್ಥಳ ದೃಢೀಕರಣ ಕಚೇರಿಯ ಹಳೆಯ ಗಣಕಯಂತ್ರವು ಅರ್ಜಿಯ ಒಂದು ಪುಟವನ್ನು ತೆರೆಯಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಅದಕ್ಕಿಂತ ನೂರು ಪಟ್ಟು ವೇಗದ ಹೊಸ ಯಂತ್ರವೂ ಈಗ ಹನ್ನೊಂದು ನಿಮಿಷವನ್ನೇ ತೆಗೆದುಕೊಳ್ಳುತ್ತದೆ. ಇದು ತಾನಾಗಿ ಆದದ್ದಲ್ಲ. ಇದರ ಹಿಂದೆ ಐದು ಶಾಖೆಗಳ ಮೂರು ತಿಂಗಳ ಪರಿಶ್ರಮವಿದೆ.

ಯಂತ್ರ ಬಂದ ದಿನ ಪುಟವು ಏಳೇ ಸೆಕೆಂಡಿನಲ್ಲಿ ತೆರೆದುಕೊಂಡಿತು. ಅಭ್ಯಾಸಬಲದಿಂದ ಚಹಾಕ್ಕೆಂದು ಎದ್ದಿದ್ದ ಗುಮಾಸ್ತರು ನಿಂತಲ್ಲೇ ನಿಂತರು. ಅಧೀಕ್ಷಕಿಯವರು ತುರ್ತು ಸಭೆ ಕರೆದರು. ಯಂತ್ರವು ಉಳಿದ ಹತ್ತು ನಿಮಿಷ ಐವತ್ಮೂರು ಸೆಕೆಂಡು ಸುಮ್ಮನೆ ಕುಳಿತಿರುವುದು ಸಾರ್ವಜನಿಕ ಆಸ್ತಿಯ ದುರ್ವ್ಯಯವೆಂದು ಸಭೆಯು ಮನಗಂಡಿತು. ಹೆಚ್ಚುವರಿ ವೇಗವನ್ನು ಶಾಖೆಗಳಿಗೆ ಜ್ಯೇಷ್ಠತೆಯ ಪ್ರಕಾರ ಹಂಚತಕ್ಕದ್ದೆಂದು ಸುತ್ತೋಲೆ ಹೊರಟಿತು.

ಸ್ವಾಗತ ಶಾಖೆಯು ತನ್ನ ಪಾಲಿನಲ್ಲಿ, ಪ್ರತಿ ಪುಟಕ್ಕೂ ಮುನ್ನ ನಿರ್ದೇಶಕರು ಕೈಬೀಸುವ ಚಿತ್ರವನ್ನು ಸೇರಿಸಿತು. ಭದ್ರತಾ ಶಾಖೆಯು ಗುಮಾಸ್ತರು ಗುಮಾಸ್ತರೇ ಹೌದೇ ಎಂದು ಪರೀಕ್ಷಿಸುವ ತಂತ್ರಾಂಶವನ್ನೂ, ಜಾಗೃತ ಶಾಖೆಯು ಆ ತಂತ್ರಾಂಶದ ಮೇಲೆ ಕಣ್ಣಿಡುವ ಇನ್ನೊಂದನ್ನೂ ಅಳವಡಿಸಿದವು. ಇಷ್ಟೆಲ್ಲ ನಡೆಯುತ್ತಿರುವುದನ್ನು ಅಂಕಿಅಂಶ ಶಾಖೆಯ ತಂತ್ರಾಂಶವು ಸೆಕೆಂಡಿಗೊಮ್ಮೆ ಎಣಿಸುತ್ತಿತ್ತು. ಉಗ್ರಾಣ ಶಾಖೆಗೆ ಯಂತ್ರದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಪಾಲು ಬಿಟ್ಟುಕೊಡಲು ಮನಸ್ಸಾಗದೆ, ಏನನ್ನೂ ಮಾಡದ ಒಂದು ತಂತ್ರಾಂಶವನ್ನು ಹಾಕಿಸಿಕೊಂಡಿತು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಅದೇ.

ಹೀಗಿರಲು ಒಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ನರ್ಸೊಬ್ಬರು ಕಿಟಕಿಯ ಮುಂದೆ ನಿಂತರು.

"ಸಾರ್, ಐದರೊಳಗೆ ಎದುರುಗಡೆ ಆಸ್ಪತ್ರೆಗೆ ವಾಸದ ಪತ್ರ ಕೊಡ್ಬೇಕು. ಇಲ್ಲಾಂದ್ರೆ ನನ್ನ ಕೆಲಸ ಪಟ್ಟೀಲಿರೋ ಮುಂದಿನವರಿಗೆ ಹೋಗುತ್ತೆ."

ಒಂದು ಪತ್ರಕ್ಕೆ ನಾಲ್ಕು ಪುಟ, ಪುಟಕ್ಕೆ ಹನ್ನೊಂದು ನಿಮಿಷ. ಗುಮಾಸ್ತರು ಮನಸ್ಸಿನಲ್ಲೇ ಗುಣಿಸಿದರು. ಐದು ಗಂಟೆ ದಾಟಿ ನಾಲ್ಕು ನಿಮಿಷವಾಗುತ್ತಿತ್ತು.

"ಕೂತ್ಕೊಳಮ್ಮ. ನಿರ್ದೇಶಕರು ಇನ್ನೂ ಕೈಬೀಸ್ತಾ ಇದಾರೆ."

"ನಾನೂ ತಿರುಗಿ ಬೀಸಿದ್ರೆ ಬೇಗ ಹೋಗ್ತಾರಾ?"

"ನಾನು ಮೂರು ವಾರ ಬೀಸಿ ನೋಡಿದೀನಿ. ಹೋಗಲ್ಲ."

"ಹೊಸ ಕಂಪ್ಯೂಟರ್ ಅಂತ ಹೊರಗೆ ಅಷ್ಟು ದೊಡ್ಡ ಬೋರ್ಡ್ ಹಾಕಿದೀರಲ್ಲ ಸಾರ್?"

"ವೇಗಕ್ಕೇನೂ ಕಮ್ಮಿ ಇಲ್ಲ ತಾಯಿ. ಇಷ್ಟೇ ಭಾರಾನ ಹಳೇದರ ಮೇಲೆ ಹೇರಿದ್ರೆ ಒಂದೊಂದು ಪುಟಕ್ಕೂ ಹದಿನೆಂಟು ಗಂಟೆ ಹಿಡೀತಿತ್ತು."

"ಹಾಗಾದ್ರೆ ನಾನೇ ಪುಣ್ಯವಂತೆ ಅನ್ನಿ," ಎಂದು ನರ್ಸ್ ಕೈಗಡಿಯಾರ ನೋಡಿಕೊಂಡರು.

ನಾಲ್ಕೂ ನಲವತ್ತೈದಾದರೂ ಮೂರನೆಯ ಪುಟದ ಸುಳಿವಿರಲಿಲ್ಲ. ಗುಮಾಸ್ತರು ಒಂದು ಬಿಳಿಹಾಳೆ ತೆಗೆದು, ಪತ್ರವನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅಧೀಕ್ಷಕಿಯವರ ಮುಂದಿಟ್ಟರು.

"ಇದೇನ್ರೀ, ಕೈಬರಹ?"

"ಮೇಡಂ, ಯಂತ್ರ ಉಸಿರಾಡೋಕೂ ಬಿಡುವಿಲ್ಲದೆ ದುಡೀತಿದೆ. ಸಣ್ಣ ಕೆಲಸಕ್ಕೆ ಅದನ್ನ ತಡೆಯೋದು ಸರಿ ಅಲ್ಲ ಅನ್ನಿಸ್ತು."

ಅಧೀಕ್ಷಕಿಯವರಿಗೆ ಈ ತರ್ಕದಲ್ಲಿ ಲೋಪ ಕಾಣಲಿಲ್ಲ. ಸಹಿಯೂ ಮೊಹರೂ ಬಿದ್ದವು. ಒಟ್ಟು ನಾಲ್ಕು ನಿಮಿಷ. ನರ್ಸ್ ಓಡಿಯೇ ರಸ್ತೆ ದಾಟಿದರು. ಐದಕ್ಕೆ ಏಳು ನಿಮಿಷವಿರುವಾಗ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವರ ಸಹಿಯಿತ್ತು.

ನಾಲ್ಕು ನಿಮಿಷವೆಂಬುದು ಕಚೇರಿಯ ಇತಿಹಾಸದಲ್ಲೇ ದಾಖಲೆಯಾದ್ದರಿಂದ, ಅದರ ಶ್ರೇಯಸ್ಸು ನಿಯಮಾನುಸಾರ ಹೊಸ ಯಂತ್ರಕ್ಕೆ ಸಂದಿತು. ನಿರ್ದೇಶಕರು ಯಂತ್ರಕ್ಕೆ ಪ್ರಶಂಸಾಪತ್ರ ಕಳುಹಿಸಿದರು. ಮರುದಿನವೇ ಸುತ್ತೋಲೆ ಬಂತು: "ಗಣಕಯಂತ್ರದ ಕಾರ್ಯಕ್ಕೆ ಅಡ್ಡಿಯಾಗದಂತೆ, ಸಾರ್ವಜನಿಕರ ಪತ್ರಗಳನ್ನು ಇನ್ನು ಮುಂದೆ ಕೈಯಲ್ಲೇ ಬರೆದು ಕೊಡತಕ್ಕದ್ದು."

ಅಂದಿನಿಂದ ಸಾಲು ಬೇಗ ಕರಗುತ್ತದೆ. ಜನರು ಹೊಸ ಕಂಪ್ಯೂಟರಿನ ವೇಗವನ್ನು ಬಾಯ್ತುಂಬ ಹೊಗಳುತ್ತಾರೆ, ಗುಮಾಸ್ತರೂ ತಲೆಯಾಡಿಸುತ್ತಾರೆ. ಅವರ ಪೆನ್ನು ಮಾತ್ರ ಸವೆದಿದೆ. ಹೊಸದು ಬೇಕಾದರೆ ಯಂತ್ರದ ಮೂಲಕವೇ ಕೋರಿಕೆ ಸಲ್ಲಿಸಬೇಕು. ಸಲ್ಲಿಸುತ್ತಿದ್ದಾರೆ. ಪುಟ ತೆರೆದುಕೊಳ್ಳುತ್ತಿದೆ.