ಮಾವನವರ ಕನ್ನಡಿಗೆ ನಾನು ಹಾಕಿದ ಚೌಕಟ್ಟು

ಗಂಡಸು ಅಂದಮೇಲೆ ಜೀವನದಲ್ಲಿ ಒಂದು ಸಲವಾದರೂ ತನ್ನ ಕೈಯಾರೆ ಒಂದು ವಸ್ತು ಮಾಡಬೇಕು ಎಂದು ನಾನು ಘೋಷಿಸಿದ್ದು ಒಂದು ಭಾನುವಾರ, ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು. ಮಳವಳ್ಳಿಯ ಒಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರು ಬರೆದ ಕಾಗದವನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸುತ್ತಿರುವ ಕೆಂಪರಾಜು ಎಂಬ ನಾನು, ಈ ಕೈಗಳಲ್ಲೂ ಕಲೆ ಉಂಟು ಎಂದು ಜಗತ್ತಿಗೆ ತೋರಿಸಿಯೇ ಬಿಡುವುದೆಂದು ತೀರ್ಮಾನಿಸಿದ್ದೆ! ಜಗತ್ತು ಎಂದರೆ ಮುಖ್ಯವಾಗಿ ನನ್ನ ಮಾವ ಮರಿಸಿದ್ದಯ್ಯನವರು.

ಮಾವ ನಿಡಘಟ್ಟದವರು. ಸರ್ಕಾರಿ ಬಸ್ಸಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಎಡಗಣ್ಣು ಹೋಗಿತ್ತು. ಉಳಿದ ಬಲಗಣ್ಣೊಂದನ್ನೇ ಇಟ್ಟುಕೊಂಡು ಮೂವತ್ತು ವರ್ಷ ಇಡೀ ಬಸ್ಸನ್ನು ಜಾಲಾಡಿದ್ದಾರೆ. ಅವರು ಹತ್ತಿ ಒಮ್ಮೆ ಹಿಂದಿನ ಸೀಟಿನವರೆಗೆ ನೋಡಿದರೆ ಸಾಕು, ಟಿಕೆಟ್ ಇಲ್ಲದವನು ತಾನಾಗಿಯೇ ಎದ್ದು ನಿಲ್ಲುತ್ತಿದ್ದನಂತೆ. ನನ್ನನ್ನೂ ಮದುವೆಗೆ ಮುಂಚೆ ಹಾಗೆಯೇ ನೋಡಿದ್ದರು. ಅಂದಿನಿಂದ ಹತ್ತೊಂಬತ್ತು ವರ್ಷ, ನಾನು ಮಾಡಿದ ಯಾವ ಕೆಲಸವನ್ನೂ ಅವರು ಚೆನ್ನಾಗಿದೆ ಎಂದವರಲ್ಲ. ಚೆನ್ನಾಗಿಲ್ಲ ಎಂದೂ ಅಂದವರಲ್ಲ. ಸುಮ್ಮನೆ ನೋಡುತ್ತಿದ್ದರು.

ಆ ಬಲಗಣ್ಣಿಗೇ ಪೊರೆ ಬಂದಿತ್ತು. ಮಂಡ್ಯದಲ್ಲಿ ಆಪರೇಷನ್ ಮಾಡಿಸಿ, ಒಂದು ತಿಂಗಳು ಇಲ್ಲೇ ಇರಬೇಕೆಂದು ನನ್ನ ಹೆಂಡತಿ ವನಜಾ ಅವರನ್ನು ಮದ್ದೂರಿನ ನಮ್ಮ ಮನೆಗೆ ಕರೆತಂದಿದ್ದಳು. ಹತ್ತು ದಿನ ಗಡ್ಡ ಮಾಡಿಕೊಳ್ಳಬೇಡಿ ಎಂದಿದ್ದರು ಡಾಕ್ಟರು. ಒಂದು ದಿನವೂ ಗಡ್ಡ ಬಿಟ್ಟವರಲ್ಲದ ಮಾವ, ಆ ಹತ್ತು ದಿನವನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಕಳೆಯುತ್ತಿದ್ದರು. ಅವರು ಗಡ್ಡ ಮಾಡಿಕೊಳ್ಳುವುದು ಬಚ್ಚಲ ಕನ್ನಡಿಯ ಮುಂದೆ. ಅದೋ ಬರೀ ಗಾಜು. ಸುತ್ತ ಏನೂ ಇಲ್ಲ, ನಾಲ್ಕು ಕ್ಲಿಪ್ಪಿನ ಮೇಲೆ ನಿಂತಿತ್ತು. ಆಪರೇಷನ್ನಿಗೆ ಮುಂಚೆ ಒಮ್ಮೆ ಬಂದಿದ್ದಾಗ, ಕಣ್ಣು ಮಂಜಾಗಿ ಕೈಯಲ್ಲಿ ತಡವಿ ಅದರ ಅಂಚಿಗೆ ಹೆಬ್ಬೆರಳು ಕುಯ್ದುಕೊಂಡಿದ್ದರು.

"ಆಚಾರ್ರಿಗೆ ಹೇಳಿ ಸುತ್ತ ಒಂದು ಮರದ ಪಟ್ಟಿ ಹೊಡೆಸ್ರಿ" ಎಂದಳು ವನಜಾ. "ಅಪ್ಪ ಮತ್ತೆ ಕೈ ಕುಯ್ಕೊಳ್ಳೋದು ಬೇಡ."

"ಆಚಾರ್ರು ಯಾಕೆ? ನಾನಿಲ್ವಾ?"

"ನೀವಿದ್ದೀರಿ ಅಂತಲೇ ಆಚಾರ್ರು ಅಂದಿದ್ದು."

ಬೆಸಗರಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಅವಳು. ಉತ್ತರ ಯಾವಾಗಲೂ ಒಂದೇ ಸಾಲಿನಲ್ಲಿ ಬರುತ್ತದೆ.

ನಾನು ಮೊಬೈಲಿನಲ್ಲಿ ಹದಿನಾಲ್ಕು ವಿಡಿಯೋ ನೋಡಿದೆ. ಹದಿನಾಲ್ಕರಲ್ಲೂ ಒಬ್ಬ ಗಡ್ಡದ ಯುವಕ ಒಂದು ಹಳೇ ಹಲಗೆ ಹುಡುಕಿ, ಉಜ್ಜಿ, ನಾಲ್ಕು ತುಂಡು ಮಾಡಿ, ಆರು ನಿಮಿಷದಲ್ಲಿ ಅರಮನೆಗೆ ಒಪ್ಪುವಂಥ ಚೌಕಟ್ಟು ಮಾಡಿಬಿಡುತ್ತಿದ್ದ. ಹಳೇ ಹಲಗೆ ಎಂದ ಕೂಡಲೇ ನನಗೆ ಹೊಳೆದವನು ನಾಗರಾಜು. ನನ್ನ ಜೊತೆ ಓದಿದವನು, ಬೆಸಗರಹಳ್ಳಿ ಕಡೆ ಆಲೆಮನೆ ಇಟ್ಟಿದ್ದಾನೆ. ಈಗೆಲ್ಲ ಬೆಲ್ಲವನ್ನು ಬಕೆಟ್ಟಿಗೆ ಹುಯ್ಯುವುದರಿಂದ, ಅವನ ತಂದೆಯ ಕಾಲದ ಮರದ ಅಚ್ಚಿನ ಹಲಗೆಗಳು ಮೂಲೆ ಸೇರಿದ್ದವು.

"ತಗಂಡೋಗ್ಲಾ ಕೆಂಪ" ಎಂದ ನಾಗರಾಜು. "ನಲವತ್ತು ವರ್ಸ ಬೆಲ್ಲ ಉಯ್ದಿರೋ ಅಲಗೆ. ಒಂದು ಗೆದ್ದಲು ಮುಟ್ಟಿಲ್ಲ. ಆದ್ರೆ ನಾಕು ದಿನ ಬಿಸ್ನೀರಲ್ಲಿ ನೆನಾಕಿ, ತೊಳ್ದು, ಬಿಸ್ಲಲ್ಲಿ ಒಣಗಾಕಿ ಆಮೇಕೆ ಕುಯ್ಯಿ."

"ನನಗಿರೋದೇ ಎರಡು ದಿನ ಕಣೋ. ಮಾವ ಬುಧವಾರ ಗಡ್ಡ ಮಾಡ್ಕೋತಾರೆ."

"ಬುಡು ಅತ್ಲಾಗೆ. ನಿನ್ನಿಷ್ಟ."

ವಿಡಿಯೋದಲ್ಲಿ ಯಾರೂ ಹಲಗೆಯನ್ನು ನೆನೆಹಾಕಿರಲಿಲ್ಲ. ಹಾಗಾಗಿ ನಾನೂ ಹಾಕಲಿಲ್ಲ.

ಆ ಹಲಗೆಯ ಬಣ್ಣವನ್ನು ಏನೆಂದು ಹೇಳಲಿ! ಬೀಟೆ ಮರಕ್ಕೂ ಇಲ್ಲದ ಕಪ್ಪು, ಒಳಗಿನಿಂದಲೇ ಬಂದಂಥ ಹೊಳಪು. ಉಪ್ಪುಕಾಗದ ಹಿಡಿದು ಉಜ್ಜಿದರೆ ನಾಲ್ಕು ಉಜ್ಜಿಗೆ ಕಾಗದವೇ ಅಂಟಿಕೊಳ್ಳುತ್ತಿತ್ತು. ಗರಗಸದ ಹುಡಿ ಗಮ್ಮೆನ್ನುತ್ತಿತ್ತು. ಒಳ್ಳೇ ಜಾತಿಯ ಮರಕ್ಕೆ ಇಷ್ಟು ರಸ ಇದ್ದೇ ಇರುತ್ತದೆ ಎಂದು ನಾನು ವನಜಾಳಿಗೆ ವಿವರಿಸಿದೆ. ಇಂಥ ಹೊಳಪಿಗೆ ವಾರ್ನಿಷ್ ಬಳಿಯುವುದು ಪಾಪ ಎಂದು ಬಿಟ್ಟೆ. ನಲವತ್ತೈದು ಡಿಗ್ರಿಗೆ ಕೊಯ್ದ ನಾಲ್ಕು ಮೂಲೆಗಳಲ್ಲಿ ಒಂದು ಕೂಡಿತು. ಇನ್ನು ಮೂರನ್ನು ಅಂಟು ಮತ್ತು ಗರಗಸದ ಹುಡಿ ಕಲಸಿ ಮೆತ್ತಿ ಕೂಡಿಸಿದೆ. ಮಂಗಳವಾರ ಸಂಜೆ ಚೌಕಟ್ಟು ಗೋಡೆಯ ಮೇಲಿತ್ತು. ಬಚ್ಚಲಿಗೆ ಒಂದು ರಾಜಕಳೆ ಬಂದಿತ್ತು. ನಾನು ಎರಡು ಸಲ ಸುಮ್ಮಸುಮ್ಮನೆ ಕೈತೊಳೆದುಕೊಂಡು ಬಂದೆ.

ನಮ್ಮ ಮನೆಯ ದಿನಚರಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಮೂವರದೂ ಬಿಸಿನೀರ ಸ್ನಾನ. ಬಚ್ಚಲ ತುಂಬ ಹಬೆ. ನಾನು ಕನ್ನಡಕ ತೆಗೆದು ಸ್ನಾನಕ್ಕಿಳಿಯುವವನು, ತೆಗೆದರೆ ನನ್ನ ಕಾಲುಬೆರಳೇ ನನಗೆ ಕಾಣದು. ವನಜಾ ತಲೆ ಬಾಚುವುದು ರೂಮಿನ ಬೀರುವಿನ ಕನ್ನಡಿಯಲ್ಲಿ. ಎಂಟು ಗಂಟೆಗೆ ಅವಳು ಒಂದು ಬಸ್ಸು, ನಾನು ಇನ್ನೊಂದು ಬಸ್ಸು. ಆಮೇಲೆ ಮಾವ ಪೇಪರಿನ ದಪ್ಪ ಅಕ್ಷರಗಳನ್ನು ಓದಿ ಮುಗಿಸಿ, ಹತ್ತು ಗಂಟೆಗೆ ನಿಧಾನವಾಗಿ ಗಡ್ಡಕ್ಕೆ ನಿಲ್ಲುತ್ತಾರೆ.

ಬುಧವಾರ ಸಂಜೆ ಬಂದಾಗ ಅವರ ಅರ್ಧ ಗಡ್ಡ ಹಾಗೇ ಇತ್ತು. ಚೌಕಟ್ಟಿನ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. ಗುರುವಾರ ಊಟಕ್ಕೆ ಕೂತಾಗ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಶುಕ್ರವಾರ ಗಡ್ಡದ ಡಬ್ಬಿ ಕಟ್ಟಿ ಚೀಲದೊಳಗಿಟ್ಟರು.

"ಅಪ್ಪ ಯಾಕೋ ಮಾತೇ ಆಡ್ತಿಲ್ಲ" ಎಂದಳು ವನಜಾ. "ಪಕ್ಕದ ಮನೆಯವರು ಹೇಳಿದ್ರು, ಬಚ್ಚಲ ಬಾಗಿಲು ತೆಗೆದುಕೊಂಡು ಕನ್ನಡಿ ಮುಂದೆ ಅರ್ಧ ಗಂಟೆ ನಿಂತಿದ್ರಂತೆ."

"ಕೆಲಸ ಅಂದ್ರೆ ಹಾಗಿರಬೇಕು. ಹತ್ತೊಂಬತ್ತು ವರ್ಷ ಅಳಿಯನ್ನ ಏನೋ ಅಂದ್ಕೊಂಡಿದ್ದವರು. ಈಗ ಹೇಗೆ ಹೊಗಳೋದು ಅಂತ ಮುಜುಗರ."

ಅವಳು ನನ್ನನ್ನೇ ನೋಡಿದಳು. ತಂದೆಯದೇ ನೋಟ.

ಶನಿವಾರ ಸಂಜೆ ಮಾವ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಬೆಳಿಗ್ಗೆ ಊರ್ಗೋಯ್ತೀನಿ ಕಣವ್ವ."

"ಇನ್ನೂ ಎರಡು ವಾರ ಹನಿ ಹಾಕ್ಬೇಕಲ್ಲಪ್ಪ."

"ಆಕುದ್ರೇನು, ಬುಟ್ರೇನು."

ವನಜಾ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು: "ನೀವೇನಂದ್ರಿ ಅವರಿಗೆ?" ನಾನು ಏನೂ ಅಂದಿರಲಿಲ್ಲ. ಹೊಗಳಿಕೆಗೆ ಕಾಯುತ್ತಿದ್ದವನಿಗೆ ಅನ್ನಲು ಪುರುಸೊತ್ತೆಲ್ಲಿತ್ತು? ಅವಳು ಹೋಗಿ ತಂದೆಯ ಕಾಲ ಹತ್ತಿರ ಕೂತಳು. ಅವರ ತೊಡೆಯ ಮೇಲಿನ ಚೀಲ ತೆಗೆದು ಪಕ್ಕಕ್ಕಿಟ್ಟಳು. ಆಗ ಮಾವನೇ ಬಾಯಿಬಿಟ್ಟರು.

"ಕಣ್ಣು ಓಯ್ತು ಕಣವ್ವ. ಗಡ್ಡಕ್ಕೆ ನಿಂತ್ಕಂಡ್ರೆ ಸುತ್ತ ಕರಿ ಚುಕ್ಕೆ ಅರೀತವೆ. ಮದ್ಲು ಐದಾರು ಇದ್ವು. ಈಗ ನೂರಾರು. ಒಂದೊಂದು ಎರಡೆರಡಾಗಿ ಕಾಣ್ತದೆ. ದಿನ ದಿನ ಜಾಸ್ತಿ ಆಯ್ತಾವೆ."

"ಮೊದಲೇ ಯಾಕಪ್ಪ ಹೇಳ್ಲಿಲ್ಲ?"

"ಏನಂತ ಯೋಳ್ಲಿ? ನೀನು ರಜ ಆಕಿ ಓಡಾಡಿ ಮಾಡ್ಸಿದ್ದೆ. ಅದೂ ಓಯ್ತು ಅಂತ ಯೋಳ್ಲಾ? ಪೂರ್ತಿ ಕತ್ಲಾಗಕ್ಮುಂಚೆ ಊರು ಸೇರ್ಕಬೇಕು ಅಂತವ್ನಿ. ಅಲ್ಲಾದ್ರೆ ಮನೆ ಗುರ್ತದೆ, ಗ್ವಾಡೆ ಮುಟ್ಕಂಡು ಓಡಾಡ್ಬೋದು. ಇನ್ನೂ ಬಸ್ಸಿನ ಬೋಲ್ಡು ಓದಕ್ಕಾಯ್ತದೆ, ಒಬ್ನೇ ಓಯ್ತೀನಿ."

ಹೊಸ್ತಿಲಲ್ಲಿ ನಿಂತಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನಾಲ್ಕು ದಿನದಿಂದ ಈ ಮನುಷ್ಯ ಕತ್ತಲಿಗೆ ತಯಾರಾಗುತ್ತಿದ್ದರು. ಊಟದ ತಟ್ಟೆಯನ್ನು, ಮಗಳ ಮುಖವನ್ನು ನೋಡಿಟ್ಟುಕೊಳ್ಳುತ್ತಿದ್ದರು. ನಾನು ಅದೇ ನಾಲ್ಕು ದಿನ, ಅವರು ನನ್ನ ಚೌಕಟ್ಟನ್ನು ಹೊಗಳಲಿ ಎಂದು ಎದುರಿಗೆ ಕೂತಿದ್ದೆ. ಬಹಳ ನಾಚಿಕೆಯಾಯಿತು.

ಭಾನುವಾರ ಊರಿಗೆ ಹೊರಟವರನ್ನು ವನಜಾ ತಡೆದು ನಿಲ್ಲಿಸಿಕೊಂಡಳು. ಸೋಮವಾರ ಇಬ್ಬರೂ ರಜೆ ಹಾಕಿ ಮಾವನನ್ನು ಮಂಡ್ಯದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಬಸ್ಸಿನಲ್ಲಿ ವನಜಾ ತಂದೆಯ ಕೈ ಬಿಡಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟಾರ್ಚು ಬಿಟ್ಟು ನೋಡಿದರು, ಹನಿ ಹಾಕಿ ಕೂರಿಸಿ ಮತ್ತೆ ನೋಡಿದರು. ಅದಕ್ಕೂ ಮುಂಚೆ ಗೋಡೆಯ ಮೇಲಿನ ಅಕ್ಷರ ಓದಿಸಿದ್ದರು. ಮಾವ ಕಟ್ಟಕಡೆಯ ಸಾಲನ್ನೂ ಗಡಗಡ ಓದಿದ್ದರು.

"ಕಣ್ಣು ಚೆನ್ನಾಗಿದೆಯಲ್ಲ ಯಜಮಾನ್ರೆ. ಈ ಚುಕ್ಕೆ ಯಾವಾಗ ಕಾಣುತ್ತೆ?"

"ಗಡ್ಡ ಮಾಡ್ಕಳಾಗ ಕಣಮ್ಮ."

"ಬೇರೆ ಹೊತ್ತು?"

"ಇಲ್ಲ."

"ಹೇಗೆ ಹರಿಯುತ್ತವೆ?"

ಮಾವ ಯೋಚಿಸಿ, ಪಂಚನಾಮೆಗೆ ಹೇಳಿಕೆ ಕೊಡುವ ಗಾಂಭೀರ್ಯದಿಂದ ಹೇಳಿದರು: "ಸಾಲಾಗಿ. ಕನ್ನಡಿ ಸುತ್ತ. ಒಂದು ಬತ್ತಾ ಇದ್ರೆ ಇನ್ನೊಂದು ಎದುರ್ಗಡೆಯಿಂದ ಬತ್ತದೆ. ಎರಡೂ ನಿಂತ್ಕಂಡು ಮಾತಾಡ್ಸ್ಕಂಡು, ಅದು ಅತ್ಲಾಗೆ ಓಯ್ತದೆ, ಇದು ಇತ್ಲಾಗೆ ಓಯ್ತದೆ."

ಡಾಕ್ಟರು ಟಾರ್ಚು ಕೆಳಗಿಟ್ಟರು. ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿ ಕೇಳಿದರು: "ಆ ಕನ್ನಡಿಗೆ ಈಚೆಗೆ ಏನಾದ್ರೂ ಮಾಡಿದ್ರಾ?"

"ಚೌಕಟ್ಟು ಹಾಕಿದ್ದೀನಿ ಮೇಡಂ" ಎಂದೆ. ಆ ಸಂಕಟದಲ್ಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ಯಾವ ಮರ?"

"ಆಲೆಮನೆಯ ಬೆಲ್ಲದ..." ಎಂದವನ ಬಾಯಿ ಅಲ್ಲಿಗೇ ನಿಂತಿತು. ನಲವತ್ತು ವರ್ಷ ಬೆಲ್ಲ ಕುಡಿದ ಹಲಗೆ. ಅದನ್ನು ಕರಗಿಸಲು ದಿನಕ್ಕೆ ಮೂರು ಸ್ನಾನದ ಹಬೆ. ನಾನು ಹೊಳಪು ಎಂದುಕೊಂಡದ್ದು ಬೆಲ್ಲ, ರಸ ಎಂದುಕೊಂಡದ್ದೂ ಬೆಲ್ಲ. ಮದ್ದೂರಿನ ಸಮಸ್ತ ಇರುವೆಗಳೂ ಬೆಳಗಿನ ತಿಂಡಿಗೆ ನಮ್ಮ ಬಚ್ಚಲಿಗೆ ಬರುತ್ತಿದ್ದವು. ಒಂದೊಂದು ಎರಡೆರಡಾಗಿ ಕಂಡದ್ದು, ಗಾಜಿನಲ್ಲಿ ಅದರದೇ ಪ್ರತಿಬಿಂಬ ಬಿದ್ದು. ಕನ್ನಡಕ ತೆಗೆದ ನನಗೆ ಅವು ಕಾಣಲಿಲ್ಲ, ಆ ಕನ್ನಡಿಯ ಹತ್ತಿರವೇ ಹೋಗದ ವನಜಾಳಿಗೂ ಕಾಣಲಿಲ್ಲ.

ಡಾಕ್ಟರು ನಗು ತಡೆದುಕೊಂಡೇ ಮಾವನಿಗೆ ಬಿಡಿಸಿ ಹೇಳಿದರು. ಆಪರೇಷನ್ ಆದಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಾತ್ರ ಮಸುಕು. ಅದಕ್ಕೇ ಇರುವೆ ಚುಕ್ಕೆಯಾಗಿದೆ. ಸದ್ಯಕ್ಕೆ ಹತ್ತಿರದ್ದು ನೋಡಲು ಒಂದು ಕನ್ನಡಕವನ್ನೂ ಕೊಡಿಸಿದರು.

"ಅಂಗಾದ್ರೆ ಕಣ್ಣು ಓಗಿಲ್ಲ" ಎಂದರು ಮಾವ.

"ಹೋಗಿಲ್ಲ ಯಜಮಾನ್ರೆ."

"ಇನ್ನೊಂದ್ಸಲ ಯೋಳಮ್ಮ."

ಡಾಕ್ಟರು ಇನ್ನೊಂದು ಸಲ ಹೇಳಿದರು. ವನಜಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನೂ ಗೋಡೆಯ ಕಡೆ ತಿರುಗಿ ಅಕ್ಷರ ಓದುವವನಂತೆ ನಿಂತೆ. ಎರಡನೇ ಸಾಲಿನಿಂದಾಚೆ ಒಂದೂ ಕಾಣಲಿಲ್ಲ.

ಮನೆಗೆ ಬಂದವರೇ ಮಾವ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋದರು. ಹೊಸ ಕನ್ನಡಕ ಏರಿಸಿ ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿದರು. "ಇರುವೆ ಕಣವ್ವ" ಎಂದರು. "ಕಾಲು ಕಾಣ್ತವೆ. ಮೀಸೆ ಕಾಣ್ತವೆ. ಇಗಾ, ಇದು ಬಾಯಲ್ಲಿ ಏನೋ ಕಚ್ಕಂಡದೆ." ಕಳೆದುಹೋದ ಮಗು ಸಿಕ್ಕವರ ಹಾಗೆ ಒಂದೊಂದು ಇರುವೆಯನ್ನೂ ಮಾತಾಡಿಸುತ್ತಿದ್ದರು.

ನಾನು ತಲೆ ತಗ್ಗಿಸಿಕೊಂಡು ಸ್ಕ್ರೂಡ್ರೈವರು ತಂದೆ. "ಬಿಚ್ಚಿಬಿಡ್ತೀನಿ ಮಾವ."

"ಇರಿ ಅಳಿಯಂದ್ರೆ. ಇನ್ನೂ ನೋಡಿಲ್ಲ ನಾನು." ಕಣ್ಣು ಇರುವೆಯನ್ನು ಬಿಟ್ಟು ಚೌಕಟ್ಟಿಗೆ ಬಂತು. "ಈ ಮೂಲೆ ಕೂಡಿಲ್ಲ."

"ಇಲ್ಲ ಮಾವ."

"ಇದೂ ಕೂಡಿಲ್ಲ. ಉಡಿ ಮೆತ್ತಿದ್ದೀರಿ."

"ಹೌದು ಮಾವ."

"ಈ ಮೊಳೆ ಸೊಟ್ಟಗೋಗದೆ. ಎಡಕ್ಕಿಂತ ಬಲದ ಪಟ್ಟಿ ಒಂದು ನೂಲು ಅಗಲ ಅದೆ."

ಬಾಗಿಲಲ್ಲಿ ನಿಂತ ವನಜಾಳ ಮುಖ ಅರಳುತ್ತಾ ಹೋಯಿತು. "ಇನ್ನೇನು ಕಾಣ್ತದಪ್ಪ?" ಎಂದು ಕೇಳಿದಳು, ಹಿಂದಿನ ಬೆಂಚಿನ ಹುಡುಗ ಸರಿಯುತ್ತರ ಹೇಳುತ್ತಿದ್ದಾಗ ಮೇಷ್ಟ್ರು ಕೇಳುವ ದನಿಯಲ್ಲಿ. ಮಾವ ಇನ್ನೂ ನಾಲ್ಕು ತಪ್ಪು ಹೇಳಿದರು. ನಾನೂ ಲೆಕ್ಕ ಇಡುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಜೀವನದಲ್ಲಿ ಮೊದಲ ಸಲ ನನ್ನ ತಪ್ಪುಗಳು ಇನ್ನಷ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವರು ತೋರಿಸಿದ ಪ್ರತಿ ಬಿರುಕೂ ಆ ಕಣ್ಣು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಚೌಕಟ್ಟಿನಲ್ಲಿ ತಪ್ಪು ಮುಗಿಯಿತು. ಮಾವ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಈ ಕಡೆ ತಿರುಗಿದರು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಹತ್ತಿರದಿಂದ, ಅಷ್ಟು ಪ್ರೀತಿಯಿಂದ ಅವರು ನನ್ನ ಮುಖ ನೋಡಿದ್ದಿಲ್ಲ. ಈಗ ಹೇಳುತ್ತಾರೆ, ಏನೋ ಒಂದು ಒಳ್ಳೇ ಮಾತು ಹೇಳಿಯೇ ಹೇಳುತ್ತಾರೆ ಎಂದು ನಾನು ಸ್ಕ್ರೂಡ್ರೈವರು ಕೆಳಗಿಟ್ಟೆ.

"ಅಳಿಯಂದ್ರೆ" ಎಂದರು ಮೆಲ್ಲಗೆ, "ಮೀಸೆಗೆ ಬಣ್ಣ ಅಚ್ಚಾಕೆ ಯಾವಾಗಿಂದ ಸುರು ಮಾಡುದ್ರಿ?"