ಸತ್ತ ನಕ್ಷತ್ರದ ಸೋರಿಕೆ

“ನನ್ನ ಫೈಲು ಎಲ್ಲಿ ಮಾರಾಯ?” ಎಂದು ಕೂಗುತ್ತ ಸ್ಟ್ಯಾನಿಸ್ಲಾಸ್ ಮಲ್ಪೆಯ ಐಸ್ ಫ್ಯಾಕ್ಟರಿಯೊಳಕ್ಕೆ ನುಗ್ಗಿದ, ಜಾರಿದ, ಬಂಗುಡೆ ಮೀನಿನ ಬುಟ್ಟಿಗೆ ಸಾಷ್ಟಾಂಗ ನಮಸ್ಕಾರ ಹಾಕಿದ.

ಲಾರಿ ಡ್ರೈವರ್ ಮೂಸಾ ಅವನನ್ನು ಎತ್ತಿ ನಿಲ್ಲಿಸಿದ. “ಹೆದರಬೇಡಿ ಮಾಷ್ಟ್ರೇ. ನಿಮ್ಮ ಅಕ್ಕ ಬರ್ತಾಬಾಯಿಯೇ ಬೆಳಿಗ್ಗೆ ಕೊಟ್ಟದ್ದು. ‘ನಾಲ್ಕು ವರ್ಷದಿಂದ ತಣಿಯುವ ಲೆಕ್ಕ ಬರೆಯುತ್ತಾನೆ ಪಾಪ, ಐಸಿನವರಿಗೆ ತೋರಿಸು’ ಅಂದರು.”

“ಅದು ನ್ಯೂಟ್ರಾನ್ ನಕ್ಷತ್ರದ ಲೆಕ್ಕ! ಸತ್ತು ಕುಗ್ಗಿದ ನಕ್ಷತ್ರ ತಣಿಯಲಿಕ್ಕೆ ಎಷ್ಟು ಸಾವಿರ ವರ್ಷ ಬೇಕು ಅಂತ!”

“ಅಷ್ಟು ನಿಧಾನವಾ? ಹಾಗಾದರೆ ಮೀನು ಹಾಳಾಯಿತು, ಅಲ್ವಾ?”

ಅಂದು ಹನ್ನೊಂದು ಗಂಟೆಗೆ ಮಣಿಪಾಲದಲ್ಲಿ, ಬೊಂಬಾಯಿ ಸೇರಿದ್ದ ಕಾರ್ಕಳದ ಪ್ರೊಫೆಸರರೊಬ್ಬರು ಆ ಫೈಲು ನೋಡುವವರಿದ್ದರು. ಮೆಚ್ಚಿದರೆ ಅವರ ಕೈಕೆಳಗೆ ಸಂಶೋಧನೆಯ ಸೀಟು. ಇಲ್ಲವಾದರೆ ಕಲ್ಯಾಣಪುರದ ಕಾಲೇಜಿನಲ್ಲಿ ಸಾಯುವ ತನಕ ಸನ್ನೆಕೋಲಿನ ಪಾಠ.

ಕಂಪ್ರೆಸರಿನ ಹಿಂದಿನಿಂದ ಮೆಕ್ಯಾನಿಕ್ ಓಸ್ವಾಲ್ಡ್ ಫೈಲು ತಂದ. “ಇಂಗ್ಲಿಷು ತಿಳಿಯಲಿಲ್ಲ. ಚಿತ್ರ, ಬಾಣದ ಗುರುತು ತಿಳಿಯಿತು. ಒಂದು ತಪ್ಪು ಉಂಟು...”

ಐಸಿನವನಿಂದ ಪಾಠ ಕೇಳಲು ಸ್ಟ್ಯಾನಿಸ್ಲಾಸನಿಗೆ ಪುರುಸೊತ್ತಿರಲಿಲ್ಲ. ಕಾರ್ಕಳಕ್ಕೆ ಹೊರಟಿದ್ದ ಮೂಸಾನ ಲಾರಿಯ ಮುಂದಿನ ಸೀಟು ತುಂಬಿತ್ತು. ಹಿಂದೆ ಐಸಿನ ಮೇಲೆ ಕೂತು, ಫೈಲನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಗುಡ್ಡ ಹತ್ತಿದ. ಮಣಿಪಾಲ ಬರುವಷ್ಟರಲ್ಲಿ, ನಕ್ಷತ್ರಕ್ಕಿಂತ ಮೊದಲು ಅವನೇ ತಣಿದಿದ್ದ.

ಪ್ರೊಫೆಸರರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಪುಟ ತಿರುವಿದರು.

“ನಕ್ಷತ್ರದ ಹೊರಮೈಯಿಂದ ಹೋಗುವ ಶಾಖ ಮಾತ್ರ ಲೆಕ್ಕ ಹಾಕಿದ್ದೀರಿ. ಮೊದಲ ಸಾವಿರಾರು ವರ್ಷ ಒಳಗಿನಿಂದ ನ್ಯೂಟ್ರಿನೋ ಎಂಬ ಕಣಗಳು ಹೊತ್ತೊಯ್ಯುವುದೇ ಹೆಚ್ಚು. ಯಾವುದಕ್ಕೂ ತಾಗದೆ, ಯಾರಿಗೂ ಕಾಣದೆ ಹೊರಟುಹೋಗುತ್ತವೆ. ಈ ವಿಷಯ ಅಚ್ಚಾಗಿ ಮೂರು ವರ್ಷವಾಯಿತಲ್ಲ?”

ಕಾಲೇಜಿನ ಲೈಬ್ರರಿಗೆ ವಿಜ್ಞಾನದ ಪತ್ರಿಕೆ ಬರುವುದು ನಿಂತು ಐದು ವರ್ಷವಾಗಿತ್ತು.

“ಆದರೆ ಅಂಚಿನಲ್ಲಿ ಇದನ್ನು ಬರೆದವರು ಯಾರು?”

ಸ್ಟ್ಯಾನಿಸ್ಲಾಸ್ ಬಗ್ಗಿ ನೋಡಿದ. ಎಣ್ಣೆಯ ಹೆಬ್ಬೆರಳಿನ ಗುರುತು. ಪಕ್ಕದಲ್ಲಿ ಪೆನ್ಸಿಲಿನ ದುಂಡಗಿನ ಕನ್ನಡ: ‘ಹೊರಮೈ ಮಾತ್ರ ನೋಡಿದ್ದೀರಿ. ದೊಡ್ಡ ಸೋರಿಕೆ ಯಾವಾಗಲೂ ಒಳಗೇ.’

‘ನಾನೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಳಗೆ ಓಸ್ವಾಲ್ಡನ ಸಹಿಯೂ ಇತ್ತು. “ಮಲ್ಪೆಯ ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್,” ಎಂದ.

“ನಿಮಗೆ ಸೀಟು ಕೊಡಲಾರೆ,” ಎಂದರು ಪ್ರೊಫೆಸರರು. “ಇವನಿಗೆ ಬೊಂಬಾಯಿಯ ನಮ್ಮ ಪ್ರಯೋಗಾಲಯದಲ್ಲಿ ಒಂದು ಕೆಲಸ ಉಂಟು. ಕನ್ನಡದಲ್ಲೇ ಬರೆದಿದ್ದೇನೆ, ಈ ಚೀಟಿ ಮುಟ್ಟಿಸಿಬಿಡಿ.”

ಸಂಜೆ ಅದೇ ಲಾರಿಯಲ್ಲಿ ಮಲ್ಪೆಗೆ ಮರಳಿದ ಸ್ಟ್ಯಾನಿಸ್ಲಾಸ್ ಆ ಚೀಟಿಯನ್ನು, ತನ್ನ ಬೊಂಬಾಯಿಯನ್ನೇ, ಓಸ್ವಾಲ್ಡನ ಕೈಗಿಟ್ಟ. ಓಸ್ವಾಲ್ಡ್ ಎರಡು ಸಲ ಓದಿದ, ಮಡಚಿದ, ತೊಟ್ಟಿಕ್ಕುತ್ತಿದ್ದ ನೀರಿನ ಪೈಪಿನ ಸಂದಿಗೆ ಬಿಗಿಯಾಗಿ ತುರುಕಿದ.

“ಬಲೆಗೆ ಬಂಗುಡೆ ಬೀಳುವ ಸಮಯ ಮಾಷ್ಟ್ರೇ, ಐಸು ನಿಲ್ಲಬಾರದು. ನಾನು ಹೋಗುವುದಿಲ್ಲ.”