ಕೊನೆಯ ಸಾಲನ್ನೂ ಓದಿದವನು

ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆಯೆಲ್ಲ ಬೆಳ್ಳಗಿದ್ದ ಹಾಲಣ್ಣನಿಗೆ ಕಣ್ಣು ಮಂದ. ಬಿಸಿಲಿಗೆ ಹೆದರಿ ಒಳಗೇ ಕೂತು, ಬೆರಳ ಅಂದಾಜಿನಲ್ಲೇ ಬೆತ್ತದ ಕುರ್ಚಿ ಹೆಣೆಯುತ್ತಿದ್ದ. ಮನೆಯಲ್ಲಿ ಕುರ್ಚಿ ಹನ್ನೊಂದು. ಕೂರುವವರು ಒಬ್ಬರೇ, ದಿನಾ ಅರ್ಧ ಗಂಟೆ ಬಂದು ಪೇಪರ್ ಓದಿ ಹೇಳುವ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಹಾಗಾಗಿ, ಇಂಥವರ ದೃಷ್ಟಿ ಸುಧಾರಿಸೀತೇ ಎಂದು ಹೊಸ ಮಾತ್ರೆ ಕೊಟ್ಟು ನೋಡಲು ಆಸ್ಪತ್ರೆಯವರು ಕರೆದಾಗ, ಅವನಿಗೆ ಮಾತ್ರೆಗಿಂತ ಹಿಡಿಸಿದ್ದು ನರ್ಸಮ್ಮ. ತಿಂಗಳಿಗೊಮ್ಮೆ ಗದ್ದ ಹಿಡಿದೆತ್ತಿ, "ಊಟ ಆಯ್ತೇನಣ್ಣಾ?" ಎಂದು ಕೇಳುವವಳು ಅವಳೊಬ್ಬಳೇ.

ವರ್ಷ ತುಂಬಿದ ಬೆಳಿಗ್ಗೆ ಚೀಟಿ ಬಂತು: ಇವತ್ತು ಕೊನೆಯ ಪರೀಕ್ಷೆ.

"ಫೇಲಾದ್ರೆ ಹೊರಗೆ ಹಾಕ್ತಾರೆ ಕಣೋ," ಎಂದರು ಮೇಷ್ಟ್ರು. "ನಲವತ್ತು ವರ್ಷ ನಾನು ಮಾಡಿದ್ದೂ ಅದನ್ನೇ."

ಹಾಲಣ್ಣ ಮೇಷ್ಟ್ರ ಮುಖವನ್ನೇ ದಿಟ್ಟಿಸಿ ನೋಡಿದ. ಅಷ್ಟು ಮಾತ್ರೆ ನುಂಗಿದರೂ ಅವರ ಮೂಗು ಅವನಿಗೆ ಇಂದಿಗೂ ಮೋಡದೊಳಗಿನ ಬದನೆಕಾಯಿ.

ಸುದ್ದಿ ಬೀದಿಗೆ ಹರಡಿತು. ಕನ್ನಡಕದಂಗಡಿಯವನು ಅಕ್ಷರದ ಹಲಗೆಯನ್ನೇ ಹೊತ್ತು ತಂದ. "ಆಸ್ಪತ್ರೇಲೂ ಇದೇ ಇರೋದು, ನಾನೇ ತರಿಸಿಕೊಟ್ಟಿದ್ದು!"

ಮೇಷ್ಟ್ರು ಬೆತ್ತ ಹಿಡಿದರು. ಆ ಮನೆಯಲ್ಲಿ ಬೆತ್ತಕ್ಕೇನು ಬರವೇ! ಮಧ್ಯಾಹ್ನದೊಳಗೆ ಹಲಗೆಯೆಲ್ಲ ಮಗ್ಗಿಯಂತೆ ಬಾಯಿಪಾಠವಾಯಿತು.

ಆಸ್ಪತ್ರೆಯಲ್ಲಿ ಹಾಲಣ್ಣ ಹಲಗೆ ಓದುತ್ತಾ ಇಳಿಜಾರಿಗೆ ಬಿದ್ದ ಚಕ್ರದಂತೆ ಉರುಳಿದ. ಸಾಲುಗಳೆಲ್ಲ ಮುಗಿದರೂ ನಿಲ್ಲಲಿಲ್ಲ, ಹಲಗೆಯ ಅಂಚಿನ ಇರುವೆಗಾತ್ರದ ಅಕ್ಷರವನ್ನೂ ಒದರಿದ: "ಒದ್ದೆ ಬಟ್ಟೆಯಿಂದ ಒರೆಸಬಾರದು!"

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ಹೌದು, ಹಾಗೇ ಇತ್ತು.

"ಗೆದ್ರಿ ಯಜಮಾನ್ರೇ! ಇನ್ನು ನೀವು ಬರೋದೇ ಬೇಡ. ಗುಣ ಕಾಣದೋರನ್ನ ಮಾತ್ರ ಇನ್ನೆರಡು ವರ್ಷ ಪ್ರತಿ ತಿಂಗಳು ಕರೀತೀವಿ."

ಹಾಲಣ್ಣ ಮತ್ತೆ ಹಲಗೆಯತ್ತ ತಿರುಗಿದ. "ಇನ್ನೊಂದ್ಸಲ ಓದ್ಲಾ ಸ್ವಾಮಿ? ತಪ್ಪು ಓದ್ತೀನಿ."

"ತಮಾಷೆ ಸಾಕು, ಹೋಗ್ಬಾ ಅಣ್ಣಾ," ಎಂದು ನರ್ಸಮ್ಮ ನಕ್ಕಳು. ಊಟದ ವಿಷಯ ಕೇಳಲು ಮರೆತಳು.

ಮೇಷ್ಟ್ರು ಮನೆಯ ಬಾಗಿಲಲ್ಲೇ ಕಾಯುತ್ತಿದ್ದರು. "ಪಾಸೋ?"

"ಪಾಸು ಮೇಷ್ಟ್ರೇ. ಆದ್ರೆ ಕಣ್ಣು..."

"ಡಾಕ್ಟ್ರೇ ಪಾಸು ಅಂದ್ಮೇಲೆ ಮುಗೀತು! ನಮ್ಮ ಶಾಲೇಲೂ ಬಾಯಿಪಾಠ ಒಪ್ಪಿಸಿದೋನೇ ಜಾಣ. ತಗೋ, ಇನ್ಮೇಲೆ ಪೇಪರ್ ನೀನೇ ಓದ್ಕೋ." ಪೇಪರನ್ನು ಅವನ ಕೈಗಿಟ್ಟು ಹೊರಟೇಬಿಟ್ಟರು.

ಹನ್ನೊಂದು ಕುರ್ಚಿಗಳ ನಡುವೆ ಹಾಲಣ್ಣ ಪೇಪರನ್ನು ಮೂಗಿಗೆ ತಾಗಿಸಿಕೊಂಡು ಕೂತ. ಬೂದಿ ಚೆಲ್ಲಿದಂತೆ ಕಂಡಿತು. ಕಣ್ಣೊರೆಸಿಕೊಂಡ; ಮತ್ತೆ ಒರೆಸಿಕೊಂಡ. ಮೂರನೇ ಸಲ ಎತ್ತುವಾಗ ಹೆಗಲ ಬಟ್ಟೆ ಒದ್ದೆಯಾಗಿತ್ತು. ಕಲಿತ ಪಾಠ ನೆನಪಾಗಿ, ಒರೆಸದೆ ಹಾಗೇ ಕೆಳಗಿಟ್ಟ.